ಎಲ್ಲದಕ್ಕೂ 1-0-0

ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್‌ಎಚ್ 5.8, ಕೊಂಚ ಹೆಚ್ಚು; ಥೈರಾಯ್ಡ್ ಹಾರ್ಮೋನ್ ಫ್ರೀ ಟಿ4 ನಾರ್ಮಲ್. ಮಕ್ಕಳಾಗದವರು ಬರುವ ನಮ್ಮ ಇನ್‌ಫರ್ಟಿಲಿಟಿ ಓಪಿಡಿಯಲ್ಲಿ ಇಂಥ ರಿಪೋರ್ಟು ಬರುತ್ತಲೇ ಇರುತ್ತವೆ. ಸುಸ್ತಿಲ್ಲ, ಮುಟ್ಟೂ ಸರಿಯಾಗಿಯೇ ಆಗುತ್ತಿರುತ್ತದೆ. ಒಮ್ಮೆ ಬಂದ ಒಬ್ಬ ಹೆಂಗಸೂ ಹಾಗೇ ಇದ್ದರು. ಐಯುಐಗೆ (ವೀರ್ಯವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮುಂಚೆ ಟಿಎಸ್‌ಎಚ್ 2.5ರ ಒಳಗೆ ಬರಲಿ ಎಂದು ಡಾಕ್ಟರು ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ಬರೆದರು. ಹಿಮೋಗ್ಲೋಬಿನ್ 9.6 ಇದ್ದಿದ್ದಕ್ಕೆ ಐರನ್ನೂ ಬರೆದರು. ಚೀಟಿ ನೋಡಿ ಮಾತ್ರೆ ವಿವರಿಸುವುದು ನನ್ನ ಕೆಲಸ. ಹೊರಗೆ ಕುರ್ಚಿಯೆಲ್ಲ ತುಂಬಿತ್ತು. "ಖಾಲಿ ಹೊಟ್ಟೇಲಿ ತಗೊಳ್ಳಿ, ಒಂದು ದಿನಾನೂ ಬಿಡಬೇಡಿ" ಎಂದು ಹೇಳಿ ಮುಂದಿನ ಟೋಕನ್ ಕರೆದೆ.

ಆರು ವಾರ ಬಿಟ್ಟು ಬಂದಾಗ 5.9.

"ಮಾತ್ರೆ ಬಿಟ್ಟಿದ್ದೀರಿ ಅಲ್ವಾ?" ಅಂದೆ. ಪಕ್ಕದಲ್ಲಿ ಅತ್ತೆ ಕೂತಿದ್ದರು.

"ಇಲ್ಲ ಸಿಸ್ಟರ್."

"ಬಿಡದೇ ಇದ್ರೆ ರಿಪೋರ್ಟು ಹೀಗೆ ಬರಲ್ಲ."

"ಮಕ್ಕಳು ಬೇಕು ಅನ್ನೋ ಆಸೆ ಇದ್ರೆ ತಾನೆ ತಗೊಳ್ಳೋದು" ಎಂದರು ಅತ್ತೆ.

ಸೊಸೆ ಮಾತಾಡಲಿಲ್ಲ. ಬ್ಯಾಗಿನ ಜಿಪ್ ಎಳೆದು ಥೈರಾಯ್ಡ್ ಬಾಟಲಿ ತೆಗೆದರು, ನನ್ನ ರಿಜಿಸ್ಟರಿನ ಮೇಲೆ ಮಾತ್ರೆ ಸುರಿದರು. ತೋರುಬೆರಳಿನಿಂದ ಹತ್ತತ್ತರ ಗುಂಪು ಮಾಡತೊಡಗಿದರು. ಒಂದು ಮಾತ್ರೆ ಉರುಳಿ ಬಿಪಿ ಮೆಷಿನ್ ಕೆಳಗೆ ಹೋಯಿತು, ಅದನ್ನೂ ಹುಡುಕಿ ತಂದು ಸೇರಿಸಿದರು. ಐದು ಗುಂಪು, ಮೇಲೆ ಎಂಟು. ನೂರರ ಬಾಟಲಿ, ನಲವತ್ತೆರಡು ದಿನ. ಒಂದೂ ಹೆಚ್ಚುಕಮ್ಮಿ ಇರಲಿಲ್ಲ.

ಆಮೇಲೆ ಕೇಳಿದೆ, ಹೇಗೆ ತಗೊಳ್ತೀರಿ ಅಂತ. "ಎದ್ದ ಕೂಡಲೇ ಎರಡೂ ಒಟ್ಟಿಗೆ. ನೀವೇ ಹೇಳಿದ್ರಲ್ಲ, ಖಾಲಿ ಹೊಟ್ಟೇಲಿ ಅಂತ."

ಐರನ್ ಹೊಟ್ಟೆಯೊಳಗೆ ಥೈರಾಕ್ಸಿನ್ನನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ನಡುವೆ ನಾಲ್ಕು ಗಂಟೆಯಾದರೂ ಬೇಕು. ಕ್ಯಾಲ್ಸಿಯಂ ಮಾತ್ರೆಗೂ ಅಷ್ಟೇ. ಇದು ನನಗೆ ಗೊತ್ತಿರುವ ವಿಷಯ, ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಚೀಟಿ ನೋಡಿದೆ: ಎರಡರ ಮುಂದೆಯೂ 1-0-0, ಅಂದರೆ ಬೆಳಿಗ್ಗೆ ಮಾತ್ರ ಒಂದು. ನಮ್ಮ ಸಾಫ್ಟ್‌ವೇರ್ ಅಷ್ಟನ್ನೇ ಪ್ರಿಂಟ್ ಮಾಡುತ್ತದೆ. ಅಂತರ ಬರೆಯಲು ಒಂದು ಸಾಲು ಕೊಡಿ ಎಂದು ಮೂರು ಸಲ ಕೇಳಿದ್ದೇನೆ, "ಐಟಿಯವರಿಗೆ ಹೇಳಿದ್ದೀವಿ" ಎನ್ನುತ್ತಾರೆ. ಆದರೆ ಬಾಯಲ್ಲಿ ಹೇಳಲು ನನಗೆ ಯಾವ ಸಾಫ್ಟ್‌ವೇರೂ ಅಡ್ಡ ಬಂದಿರಲಿಲ್ಲ.

"ತಪ್ಪು ಇವರದಲ್ಲ, ನಂದು" ಎಂದು ಅತ್ತೆಗೇ ಹೇಳಿದೆ. ಅವರು ಕಿಟಕಿ ಕಡೆ ನೋಡುತ್ತಿದ್ದರು.

ಫೈಲು ತಿರುಗಿಸಿದರೆ ಗಂಡನ ಸೆಮೆನ್ (ವೀರ್ಯ) ರಿಪೋರ್ಟೇ ಇಲ್ಲ. ಇವರಿಂದ ಅಷ್ಟು ಸಲ ರಕ್ತ ತೆಗೆದಿದ್ದೇವೆ. ಇಷ್ಟು ಸಣ್ಣ ಥೈರಾಯ್ಡ್ ಏರುಪೇರೊಂದರಿಂದಲೇ ಮಗು ನಿಂತಿಲ್ಲ ಎಂದು ಯಾರೂ ಹೇಳಲಾಗದು. ಆದರೂ ಮನೆಯಲ್ಲಿ ಅದು "ಇವಳ ಥೈರಾಯ್ಡ್" ಆಗಿಬಿಟ್ಟಿರುತ್ತದೆ. ಅವತ್ತೇ ಗಂಡನಿಗೂ ಟೆಸ್ಟ್ ಬರೆಸಿದೆ.

ಐರನ್ ಮಧ್ಯಾಹ್ನ ಊಟದ ನಂತರಕ್ಕೆ ಹೋಯಿತು. ಡೋಸ್ ಅದೇ 50. ಮತ್ತೆ ಆರು ವಾರಕ್ಕೆ 2.2 ಬಂತು. ಅವರಿಗೆ ಮೂವತ್ತನಾಲ್ಕು ವಯಸ್ಸು, ಮೊದಲ ಆರು ವಾರ ಸುಮ್ಮನೆ ಹೋಯಿತು. ಈಗ ಪ್ರತಿ ಚೀಟಿಯ ಮೇಲೂ ಕೆಂಪು ಪೆನ್ನಲ್ಲಿ ಗಂಟೆ ಬರೆದುಕೊಡುತ್ತೇನೆ. ರಿಪೋರ್ಟು ಕೆಟ್ಟರೆ ಮೊದಲು ಯಾವುದರ ಜೊತೆ ತಗೊಂಡಿರಿ ಎಂದು ಕೇಳುತ್ತೇನೆ.

ಹೋದ ವಾರ ಅವರು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.