‘ಆರಾಮಿದೀರಾ?’ ಅಂತ ಕೇಳುವುದನ್ನು ಬಿಟ್ಟಿದ್ದೇನೆ

ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ ಜನರನ್ನು ಚಾರಣಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಬೆಳಗ್ಗೆ ಹತ್ತಿ ಸಂಜೆ ಇಳಿಯುವಂಥದ್ದಲ್ಲ. ಕವಲೇದುರ್ಗದಿಂದ ಹೊರಟು, ನಗರ ಅನ್ನುವ ಊರು, ನಿಟ್ಟೂರು ಹಾದು, ಕೊಡಚಾದ್ರಿ ಹತ್ತಿ ಕೊಲ್ಲೂರಿಗೆ ಇಳಿಯುವ 5 ದಿನದ ನಡಿಗೆ. ದಿನಕ್ಕೆ 12ರಿಂದ 18 ಕಿಲೋಮೀಟರ್. ಅನುಮತಿ ಇಲ್ಲದೆ ಕಾಡಿನೊಳಗೆ ಕಾಲಿಡುವ ಹಾಗಿಲ್ಲ, ಅಲ್ಲೇ ಡೇರೆ ಹೊಡೆದು ಮಲಗುವ ಹಾಗೂ ಇಲ್ಲ. ಹಾಗಾಗಿ ಹಗಲು ಕಾಡು, ರಾತ್ರಿ ಊರು. ತೋಟದ ಮನೆಗಳಲ್ಲಿ ಉಳಿಯುತ್ತೇವೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಡೆದದ್ದು ಇದು. ಡಿಸೆಂಬರ್ ತಿಂಗಳು. ಹನ್ನೆರಡು ಜನರ ತಂಡ. ಅದರಲ್ಲಿ ಒಬ್ಬರು ಮೈಸೂರಿನವರು, ವಯಸ್ಸು ಐವತ್ತು ದಾಟಿತ್ತು. ಕೊಡಚಾದ್ರಿಯ ತುದಿಯ ಸರ್ವಜ್ಞ ಪೀಠದ ಹತ್ತಿರ ನಿಂತು ಸೂರ್ಯ ಮುಳುಗುವುದನ್ನು ನೋಡಬೇಕು ಅಂತ ಎಷ್ಟೋ ವರ್ಷದಿಂದ ಇತ್ತಂತೆ, ಮಕ್ಕಳ ಓದೆಲ್ಲ ಮುಗಿದ ಮೇಲೆ ಬಂದಿದ್ದರು. ಮೂರನೇ ದಿನ ಸಂಜೆ ನಿಟ್ಟೂರಿನ ಈಚೆಗೆ ನಾವು ಉಳಿಯುವ ಮನೆ ತಲುಪಿದೆವು. ಎಲ್ಲರೂ ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗಿ ಬಂದರು. ಇವರು ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ಏನಾಯ್ತು ಅಂತ ಹತ್ತಿರ ಹೋದೆ. ಕಾಲುಚೀಲ ಅರ್ಧ ಬಿಚ್ಚಿದ್ದರು, ಉಳಿದರ್ಧ ಹಿಮ್ಮಡಿಗೆ ಅಂಟಿಕೊಂಡಿತ್ತು. ಬಿಸಿನೀರು ತಂದು ಅದ್ದಿ ಅದ್ದಿ ಬಿಡಿಸಬೇಕಾಯಿತು. ಬಿಡಿಸಿದರೆ, ಎರಡು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಕಿತ್ತು ಕೆಂಪು ಮಾಂಸ ಕಾಣುತ್ತಿತ್ತು. ಇನ್ನೊಂದು ಕಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

‘ಯಾವಾಗಿಂದ ಮೇಡಂ?’ ಅಂದೆ.

‘ಮೊನ್ನೆ ಮಧ್ಯಾಹ್ನದಿಂದ.’

ಅಂದರೆ ಎರಡು ದಿನ. ಆ ಎರಡು ದಿನದಲ್ಲಿ ಗಂಟೆಗೊಂದು ಸಲ ಅವರನ್ನು ನಾನು ಕೇಳಿದ್ದೇನೆ. ‘ಮೇಡಂ, ಆರಾಮಿದೀರಾ?’ ಪ್ರತಿ ಸಲವೂ ನಗುತ್ತಾ ‘ಹ್ಞಾಂ, ಆರಾಮು’ ಅಂದಿದ್ದಾರೆ. ಆಗ ನಾನು ದುಡಿಯುತ್ತಿದ್ದ ಸಂಸ್ಥೆಯವರು ಒಂದು ಹಾಳೆ ಕೊಡುತ್ತಿದ್ದರು. ಗಂಟೆಗೊಮ್ಮೆ ಎಲ್ಲರನ್ನೂ ವಿಚಾರಿಸಿ ಹೆಸರಿನ ಮುಂದೆ ಗುರುತು ಹಾಕಬೇಕು. ಆ ರಾತ್ರಿ ಹಾಳೆ ತೆಗೆದು ನೋಡಿದೆ. ಅವರ ಹೆಸರಿನ ಮುಂದೆ ಒಂದೂ ತಪ್ಪದೆ ಗುರುತುಗಳಿದ್ದವು.

ಮರುದಿನ ಅವರನ್ನು ಜೀಪಿನಲ್ಲಿ ಮೂಲ ಮೂಕಾಂಬಿಕೆ ದೇವಸ್ಥಾನದವರೆಗೆ ಕರೆತಂದೆವು. ಅಲ್ಲಿಂದ ಪೀಠಕ್ಕೆ ನಡೆದೇ ಹೋಗಬೇಕು, ಏರು ದಾರಿ. ಅವರಿಂದ ಆಗಲಿಲ್ಲ. ನಾವು ಹನ್ನೊಂದು ಜನ ಮೇಲೆ ಹೋಗಿ ಬಂದಾಗ ಕತ್ತಲಾಗಿತ್ತು, ಅವರು ದೇವಸ್ಥಾನದ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದರು. ‘ಎಲ್ಲರೂ ಮುಂದೆ ಹೋಗ್ತಾ ಇದ್ರು. ನನ್ನಿಂದ ಯಾಕೆ ತಡ ಆಗಬೇಕು ಅಂತ ಹೇಳಲಿಲ್ಲ’ ಅಂದರು. ನನ್ನ ಮೇಲೆ ಒಂದು ಬೇಸರದ ಮಾತೂ ಆಡಲಿಲ್ಲ.

ಇದನ್ನು ಬಹಳ ದಿನ ಯೋಚಿಸಿದೆ. ಅವರು ಸುಳ್ಳು ಹೇಳಿದರು ಅಂತ ನನಗೆ ಅನಿಸಲೇ ಇಲ್ಲ. ನಮ್ಮ ಭಾಷೆಯಲ್ಲಿ ‘ಆರಾಮಿದೀರಾ’ ಅನ್ನುವುದು ನಮಸ್ಕಾರದ ಜಾಗದಲ್ಲಿ ಕೂತಿರುವ ಮಾತು. ಫೋನ್ ಎತ್ತಿದ ಕೂಡಲೇ ಕೇಳುತ್ತೇವೆ, ಜ್ವರದಲ್ಲಿ ಮಲಗಿದವರೂ ‘ಆರಾಮು, ನೀವು?’ ಅನ್ನುತ್ತಾರೆ. ಅದಕ್ಕೆ ಬೇರೆ ಉತ್ತರ ಕೊಡುವುದು ಮರ್ಯಾದೆ ಅಲ್ಲ ಅನ್ನುವ ಹಾಗೆ ನಾವೆಲ್ಲ ಬೆಳೆದಿದ್ದೇವೆ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ನಾನು ಎರಡು ದಿನ ಕೇಳಿದ್ದೆ. ತಪ್ಪು ಪ್ರಶ್ನೆಯದ್ದು, ಅದನ್ನು ಕೇಳಿದ ನನ್ನದು.

ಈಗ ಹೀಗೆ ಮಾಡುತ್ತೇನೆ. ಹೊರಟು 40 ನಿಮಿಷಕ್ಕೆ ಮೊದಲ ನಿಲುಗಡೆ. ಯಾರಿಗೂ ಆಗ ದಣಿವಾಗಿರುವುದಿಲ್ಲ, ‘ಇಷ್ಟು ಬೇಗ ಯಾಕೆ?’ ಅನ್ನುತ್ತಾರೆ. ಎಲ್ಲರನ್ನೂ ಕೂರಿಸಿ ಬೂಟು, ಕಾಲುಚೀಲ ಎರಡೂ ಬಿಚ್ಚಿಸುತ್ತೇನೆ, ಮೊದಲು ನನ್ನದು. ಆಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ ಕೇಳುವುದು: ‘ಯಾವ ಹಿಮ್ಮಡಿ ಜಾಸ್ತಿ ಬಿಸಿ ಇದೆ, ಎಡದ್ದಾ ಬಲದ್ದಾ?’ ಇದಕ್ಕೆ ‘ಆರಾಮು’ ಅಂತ ಉತ್ತರ ಬರುವುದಿಲ್ಲ. ಕೈಯಿಟ್ಟು ನೋಡಿಕೊಳ್ಳುತ್ತಾರೆ. ಬೊಬ್ಬೆ ಒಮ್ಮೆಲೇ ಏಳುವುದಿಲ್ಲ. ಬೆವರಿಗೆ ಚರ್ಮ ಮೆತ್ತಗಾಗುತ್ತದೆ, ಬೂಟು ಒಂದೇ ಜಾಗವನ್ನು ಉಜ್ಜುತ್ತಾ ಹೋಗುತ್ತದೆ, ಮೊದಲು ಆ ಜಾಗ ಬಿಸಿಯಾಗಿ ಕೆಂಪಾಗುತ್ತದೆ. ಕೆಂಪಾದಾಗ ಒರೆಸಿ ಒಣಗಿಸಿ, ಸುಕ್ಕಿಲ್ಲದ ಹಾಗೆ ಒಂದು ಪಟ್ಟಿ ಟೇಪು ಅಂಟಿಸಿದರೆ ಐದು ದಿನಕ್ಕೂ ತೊಂದರೆ ಇಲ್ಲ. ನೀರು ತುಂಬಿಕೊಂಡ ಮೇಲೆ ಬರೀ ಸಂಭಾಳಿಸಬಹುದು ಅಷ್ಟೆ. ನೀರು ತುಂಬಿದ್ದನ್ನು ಒಡೆಯಲು ಹೋಗಬೇಡಿ, ಮೇಲಿನ ಚರ್ಮವೇ ಅದಕ್ಕೆ ಕಾವಲು. ಉಗುರು ಮನೆಯಿಂದ ಹೊರಡುವ ಮೊದಲೇ ಕತ್ತರಿಸಿರಬೇಕು, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಹೋಗಿ ಗುದ್ದುತ್ತಿರುತ್ತದೆ. ಇಳಿಯುವ ಮುಂಚೆ ಬೂಟಿನ ದಾರವನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿಸುತ್ತೇನೆ, ಹಿಮ್ಮಡಿ ಹಿಂದೆಯೇ ಕೂತಿರಲಿ ಅಂತ.

ನಗರದ ಕೋಟೆಯಲ್ಲಿ ಮೊದಲೆಲ್ಲ ಜನರನ್ನು ನಿಲ್ಲಿಸಿ ಇತಿಹಾಸ ಹೇಳುತ್ತಿದ್ದೆ. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಬಂದದ್ದು, ರಾಣಿ ವೀರಮ್ಮಾಜಿಯ ಕಾಲದಲ್ಲಿ 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಹೈದರನಗರ ಅಂತ ಕರೆದದ್ದು, ಅದೇ ಈಗ ನಗರ ಆಗಿರುವುದು. ಇಪ್ಪತ್ತು ನಿಮಿಷದ ಕಥೆ. ಈಗಲೂ ಅಷ್ಟೂ ಹೇಳುತ್ತೇನೆ, ಆದರೆ ಬೂಟು ಬಿಚ್ಚಿ ಕೂತವರಿಗೆ. ಕಥೆ ಮುಗಿಯುವ ಹೊತ್ತಿಗೆ ಕಾಲುಚೀಲ ಬಿಸಿಲಿಗೆ ಅರ್ಧ ಒಣಗಿರುತ್ತದೆ.

ನೀರಿನದೂ ಹಾಗೇ. ‘ನೀರು ಕುಡಿದ್ರಾ?’ ಅಂದರೆ ‘ಕುಡಿದೆ’. ಒಂದು ಗುಟುಕೂ ಕುಡಿದದ್ದೇ. ಈಗ ಬಾಟಲಿ ಎತ್ತಿ ತೋರಿಸಿ ಅನ್ನುತ್ತೇನೆ. ಬೆಳಗ್ಗೆ ತುಂಬಿಸಿದ್ದು ಹನ್ನೊಂದು ಗಂಟೆಗೂ ಹಾಗೇ ಇದ್ದರೆ ಅಲ್ಲೇ ನಿಲ್ಲುತ್ತೇವೆ. ಲೀಟರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಈ ಲೆಕ್ಕದಲ್ಲಿ ಕಲಸಿದ ನೀರು ನನ್ನ ಚೀಲದಲ್ಲಿ ಯಾವಾಗಲೂ ಒಂದು ಬಾಟಲಿ ಇರುತ್ತದೆ. ನಮ್ಮ ಕಡೆ ನೆರಳು ಜಾಸ್ತಿ, ಬೆವರಿದ್ದೇ ಗೊತ್ತಾಗುವುದಿಲ್ಲ, ಶೋಲೆ ಕಾಡು ಮುಗಿದು ಹುಲ್ಲುಗಾವಲಿನ ಬಿಸಿಲಿಗೆ ಬಿದ್ದಾಗ ತಲೆ ಸುತ್ತಿ ಕೂರುತ್ತಾರೆ.

ದಾರಿ ಕೇಳುವುದು ಇನ್ನೊಂದು. ಊರವರನ್ನು ‘ಎಷ್ಟು ದೂರ?’ ಅಂದರೆ ‘ಇಲ್ಲೇ, ಒಂದು ಕೂಗಳತೆ’ ಅನ್ನುತ್ತಾರೆ. ದಣಿದು ಬಂದವರ ಮನಸ್ಸು ಮುರಿಯಬಾರದು ಅನ್ನುವ ಅಂತಃಕರಣ ಅದು. ಆದರೆ ಡಿಸೆಂಬರಿನಲ್ಲಿ ಆರೂಕಾಲದೊಳಗೆ ಸೂರ್ಯ ಮುಳುಗುತ್ತದೆ, ಮರದ ಕೆಳಗೆ ಐದಕ್ಕೇ ಮಬ್ಬು. ಹಾಗಾಗಿ ‘ಡೈರಿಗೆ ಹಾಲು ಹಾಕೋಕೆ ಎಷ್ಟೊತ್ತಿಗೆ ಮನೆ ಬಿಡ್ತೀರಿ, ಎಷ್ಟೊತ್ತಿಗೆ ಮುಟ್ತೀರಿ?’ ಅಂತ ಕೇಳುತ್ತೇನೆ. ಅವರ ಮುಕ್ಕಾಲು ಗಂಟೆ ಅಂದರೆ ನನ್ನ ತಂಡಕ್ಕೆ ಒಂದೂವರೆ ಗಂಟೆ.

ಉಣುಗಿನ (ರಕ್ತ ಹೀರುವ ಉಣ್ಣೆಯ) ವಿಷಯಕ್ಕೆ ಮಾತ್ರ ನಾನು ಯಾರ ಮಾತನ್ನೂ ನಂಬುವುದಿಲ್ಲ, ನನ್ನದನ್ನೂ. ಮಳೆಗಾಲದ ಇಂಬಳಕ್ಕೆ ಜನ ಹೆದರಿ ಕಿರುಚುತ್ತಾರೆ. ಅದು ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ ಅನ್ನುವುದು ಬಿಟ್ಟರೆ ಹೆದರುವಂಥದ್ದೇನಿಲ್ಲ. ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಹೆದರಬೇಕಾದ್ದು ಸಾಸಿವೆ ಕಾಳಿನಷ್ಟಿರುವ ಎಳೆ ಉಣುಗಿಗೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಅದರಿಂದಲೇ ಬರುವುದು, ಡಿಸೆಂಬರಿನಿಂದ ಮೇವರೆಗೆ ಜೋರು. ನಮ್ಮ ಚಾರಣದ ಕಾಲವೂ ಅದೇ. ಮಂಗ ಸತ್ತ ಸುದ್ದಿ ಬಂದ ಕಡೆ ಆ ವರ್ಷ ನಾನು ಹೋಗುವುದೇ ಇಲ್ಲ, ಮುಂಗಡ ಹಿಂದಿರುಗಿಸುತ್ತೇನೆ. ಉಳಿದ ಕಡೆ ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ದರಲೆ, ಅಂದರೆ ಉದುರಿದ ಒಣ ಎಲೆ, ಅದರ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ. ಸಂಜೆ ಬಚ್ಚಲಿಗೆ ಹೋಗುವ ಮೊದಲು ‘ಏನಾದ್ರೂ ಹತ್ತಿದೆಯಾ?’ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಜಾಗದ ಹೆಸರು ಹಿಡಿದು ಹೇಳುತ್ತೇನೆ: ಮೊಣಕಾಲ ಸಂದು, ಸೊಂಟದ ಪಟ್ಟಿ ಕೂರುವ ಜಾಗ, ಕಂಕುಳು, ಕಿವಿಯ ಹಿಂದೆ. ಮನೆಗೆ ಹೋದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅನ್ನುವುದು. ಇದನ್ನು ಕೊಲ್ಲೂರಿನಲ್ಲಿ ಬಸ್ಸು ಹತ್ತುವಾಗ ಪ್ರತಿಯೊಬ್ಬರ ಬಾಯಲ್ಲೂ ಒಮ್ಮೆ ಹೇಳಿಸುತ್ತೇನೆ.

ನಾವು ಉಳಿಯುವ ಮನೆಯವರ ವಿಷಯದಲ್ಲಿ ಇದೇ ಪಾಠ ಕಲಿಯಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು ಅನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆ ನಿಟ್ಟೂರಿನ ಕಡೆಯ ಮನೆಯ ಅಮ್ಮನಿಗೆ ಅರವತ್ತರ ಆಸುಪಾಸು. ಬೆಳಗ್ಗೆ ಐದೂವರೆಗೆ ಎದ್ದರೆ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ, ಏಳಕ್ಕೆ ಕಡುಬು, ಕಾಯಿಚಟ್ನಿ. ಹೊರಡುವಾಗ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದ ಬುತ್ತಿ. ಅನ್ನಕ್ಕೆ ಹಾಲು ಹಾಕಿ ಕಿವುಚಿ, ಒಂದೇ ಒಂದು ಚಮಚ ಮೊಸರು ಬೆರೆಸಿರುತ್ತಾರೆ, ಮಧ್ಯಾಹ್ನ ಬಿಚ್ಚುವ ಹೊತ್ತಿಗೆ ಅದು ಹದವಾದ ಮೊಸರನ್ನ ಆಗಿರುತ್ತದೆ. ಜೊತೆಗೊಂದು ಅಪ್ಪೆಮಿಡಿ. ಐದು ದಿನದ ನಡಿಗೆಯಲ್ಲಿ ಜನ ಹೆಚ್ಚು ನೆನಪಿಟ್ಟುಕೊಳ್ಳುವುದು ಶಿಖರಕ್ಕಿಂತ ಈ ಬುತ್ತಿಯನ್ನೇ, ನನಗಂತೂ ಅದರಲ್ಲಿ ಆಶ್ಚರ್ಯ ಇಲ್ಲ.

ಪ್ರತಿ ಸಲ ಫೋನ್ ಮಾಡಿ ಕೇಳುತ್ತಿದ್ದೆ: ‘ಅಮ್ಮಾ, ಹದಿನಾಲ್ಕು ಜನ ಆಗ್ತಾರೆ, ತೊಂದ್ರೆ ಇಲ್ವಲ್ಲ?’

‘ಎಂತ ತೊಂದ್ರೆ ಮಾರಾಯ, ಬನ್ನಿ.’

ಒಂದು ರಾತ್ರಿ ಹನ್ನೊಂದೂವರೆಗೆ ನೀರಿಗೆಂದು ಎದ್ದೆ. ಅಂಗಳದ ಚಪ್ಪರದ ಕೆಳಗೆ ಬಲ್ಬು ಉರಿಯುತ್ತಿತ್ತು. ಅಮ್ಮ ಮೆಟ್ಟುಗತ್ತಿಯ ಮುಂದೆ ಒಬ್ಬರೇ ಕೂತು ಅಡಿಕೆ ಸುಲಿಯುತ್ತಿದ್ದರು. ಅಡಿಕೆಯನ್ನು ಕತ್ತಿಗೆ ಒತ್ತುವುದು, ತಿರುಗಿಸುವುದು, ಸಿಪ್ಪೆ ಈಚೆ, ಕಾಯಿ ಆಚೆ. ಕೈ ಮಾತ್ರ ಓಡುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿತ್ತು. ಪಕ್ಕದಲ್ಲಿ ಇನ್ನೂ ಎರಡು ಬುಟ್ಟಿ ಇತ್ತು. ಕೊನೆ (ಅಡಿಕೆ ಗೊನೆ) ತೆಗೆದ ಮೇಲೆ ಸುಲಿದು ಬೇಯಿಸುವುದನ್ನು ಮುಂದೂಡಲು ಬರುವುದಿಲ್ಲ. ಸುಲಿಯಲು ಬರುವವರು ಆ ದಿನ ಬಂದಿರಲಿಲ್ಲ. ಹದಿನಾಲ್ಕು ಜನಕ್ಕೆ ಬಡಿಸಿ, ಪಾತ್ರೆ ತೊಳೆದು, ಆಮೇಲೆ ಕೂತಿದ್ದರು. ಬೆಳಗ್ಗೆ ಮತ್ತೆ ಐದಕ್ಕೆ ಏಳಬೇಕು.

ಪಕ್ಕದಲ್ಲಿ ಕೂತು ಒಂದು ಗಂಟೆ ಸುಲಿದೆ. ‘ಮಲ್ಕೊ ಹೋಗು, ನಾಳೆ ಗುಡ್ಡ ಹತ್ತಬೇಕು ನೀನು’ ಅಂತ ಮೂರು ಸಲ ಹೇಳಿದರು.

ಅಡಿಕೆ ಕೊಯ್ಲು ಮತ್ತು ಚಾರಣ ಎರಡೂ ಚಳಿಗಾಲದ ಕೆಲಸ. ನಾನು ಅಡಿಕೆ ಸೀಮೆಯಲ್ಲೇ ಹುಟ್ಟಿದವನು, ನನಗೆ ಗೊತ್ತಿಲ್ಲದ ವಿಷಯ ಏನೂ ಅಲ್ಲ. ಆದರೂ ‘ತೊಂದ್ರೆ ಇಲ್ವಲ್ಲ?’ ಅಂತಲೇ ಕೇಳುತ್ತಿದ್ದೆ. ಬಾಗಿಲಿಗೆ ಬಂದವರಿಗೆ ತೊಂದರೆ ಇದೆ ಅನ್ನುವ ಮನೆ ಮಲೆನಾಡಿನಲ್ಲಿ ಎಲ್ಲಿದೆ?

ಈಗ ಫೋನ್ ಮಾಡಿದರೆ ಕೇಳುವುದು ಬೇರೆ. ಕೊನೆ ಯಾವಾಗ ತೆಗೀತೀರಿ? ಸುಲಿಯೋಕೆ ಯಾರ‍್ಯಾರು ಬರ್ತಾರೆ? ಮಾರ್ಚ್ ಆದರೆ, ಬಾವಿಯಲ್ಲಿ ಎಷ್ಟು ರಿಂಗು ನೀರಿದೆ? ಮೊದಮೊದಲು ಅಮ್ಮನಿಗೆ ವಿಚಿತ್ರ ಅನಿಸಿತ್ತು. ನಾಲ್ಕನೇ, ಐದನೇ ಸಲಕ್ಕೆ ಲೆಕ್ಕ ಹೇಳತೊಡಗಿದರು. ಕೊಯ್ಲಿನ ವಾರದಲ್ಲಿ ಅಲ್ಲಿಗೆ ಹೋಗುವುದನ್ನು ನಿಲ್ಲಿಸಿದೆ. ಆ ಹಾಳೆಯ ಸಂಸ್ಥೆ ಬಿಟ್ಟು ಸ್ವಂತವಾಗಿ ಮಾಡತೊಡಗಿದ ಮೇಲೆ ತಂಡವೂ ಸಣ್ಣದಾಯಿತು. ಸಂಪಾದನೆ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ.

ಮೈಸೂರಿನ ಆ ಮೇಡಂಗೆ ಎರಡು ಸಲ ಫೋನ್ ಮಾಡಿದ್ದೇನೆ. ಮಂಡಿ ನೋವಂತೆ, ಈ ವರ್ಷ ಬೇಡ ಅಂದರು. 1,343 ಮೀಟರಿನ ಬೆಟ್ಟ ಎಲ್ಲೂ ಹೋಗುವುದಿಲ್ಲ, ದೇವಸ್ಥಾನದವರೆಗೆ ಜೀಪು, ಅಲ್ಲಿಂದ ಮುಂದೆ ಎಷ್ಟು ನಿಧಾನ ಆದರೂ ಜೊತೆಗೆ ನಾನಿರುತ್ತೇನೆ ಅಂದಿದ್ದೇನೆ. ‘ಯೋಚನೆ ಮಾಡ್ತೀನಿ’ ಅಂದಿದ್ದಾರೆ. ಯಾವ ಮಂಡಿ, ಹತ್ತುವಾಗ ನೋವೋ ಇಳಿಯುವಾಗಲೋ ಅಂತಲೂ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಬಲದ್ದು, ಇಳಿಯುವಾಗ.

ಮೊನ್ನೆ ನಿಟ್ಟೂರಿನ ಅಮ್ಮನಿಗೆ ಮುಂದಿನ ತಿಂಗಳ ತಂಡದ ಬಗ್ಗೆ ಫೋನ್ ಮಾಡಿದ್ದೆ. ಹತ್ತು ಜನ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹತ್ತು ಬೇಡ, ಎಂಟು ಜನ ಬನ್ನಿ. ಸೊಸೆ ತವರಿಗೆ ಹೋಗ್ತಾಳೆ ಆ ವಾರ’ ಅಂದರು.

ಎಂಟೇ ಜನರನ್ನು ಕರೆದುಕೊಂಡು ಹೋಗುತ್ತಿದ್ದೇನೆ.