ಚಿಕ್ಕದೂ ಅಗ್ಗವೂ ಆದ ಮದರ್‌ಬೋರ್ಡ್ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ

ಮನೆಗೊಂದು ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವುದು ಪ್ರೊಸೆಸರಿನ ವಿಷಯವನ್ನಲ್ಲ, ಗ್ರಾಫಿಕ್ಸ್ ಕಾರ್ಡಿನ ವಿಷಯವನ್ನೂ ಅಲ್ಲ. ಅವೆರಡನ್ನೂ ಅವರು ಹೇಗೋ ತೀರ್ಮಾನಿಸಿಕೊಂಡು ಬಂದಿರುತ್ತಾರೆ. "ಮೇಜಿನ ಮೇಲೆ ಹೆಚ್ಚು ಜಾಗ ಹಿಡಿಯಬಾರದು, ಜೇಬಿಗೂ ಭಾರವಾಗಬಾರದು, ಅಂಥ ಮದರ್‌ಬೋರ್ಡ್ ಯಾವುದು?" ಎನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಮದರ್‌ಬೋರ್ಡ್ ಎಂದರೆ ಕಂಪ್ಯೂಟರಿನ ಎಲ್ಲ ಭಾಗಗಳನ್ನೂ ಒಂದುಗೂಡಿಸುವ ಮುಖ್ಯ ಫಲಕ. ನನ್ನ ಉತ್ತರ ಬಹುಮಟ್ಟಿಗೆ ಒಂದೇ: ಮೈಕ್ರೋ ಎಟಿಎಕ್ಸ್ ಅಳತೆಯ ಬೋರ್ಡ್ ಕೊಳ್ಳಿ, ಮುಂದೆ ಸೇರಿಸಿಕೊಳ್ಳಬಹುದಾದ ಸೌಲಭ್ಯಗಳಿಗೆ ಈಗ ಹಣ ಕೊಡಬೇಡಿ, ಮುಂದೆ ಸೇರಿಸಲಾಗದ ಭಾಗಗಳಲ್ಲಿ ಮಾತ್ರ ಜಿಪುಣತನ ಮಾಡಬೇಡಿ.

ಮೊದಲಿಗೆ ಅಳತೆಯ ಮಾತು. ಪೂರ್ಣ ಗಾತ್ರದ ಎಟಿಎಕ್ಸ್ ಬೋರ್ಡ್ 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ ಇರುತ್ತದೆ. ಮೈಕ್ರೋ ಎಟಿಎಕ್ಸ್‌ನ ಗರಿಷ್ಠ ಮಿತಿ 244 ಮಿಲಿಮೀಟರಿನ ಚೌಕ, ಅಗ್ಗದ ಬೋರ್ಡ್‌ಗಳು ಒಂದು ಬದಿಯಲ್ಲಿ ಇದಕ್ಕಿಂತಲೂ ಕಿರಿದಾಗಿರುವುದುಂಟು. 2001ರಲ್ಲಿ ವಿಐಎ ಕಂಪನಿ ಪರಿಚಯಿಸಿದ ಮಿನಿ ಐಟಿಎಕ್ಸ್ ಇನ್ನೂ ಪುಟ್ಟದು, 170 ಮಿಲಿಮೀಟರಿನ ಚೌಕ. ಚಿಕ್ಕದಾದ ಮೇಲೆ ಬೆಲೆಯೂ ಇಳಿಯಬೇಕಲ್ಲವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಅದೇ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಅದೇ ಮೆಮೊರಿ ಸ್ಲಾಟ್, ಅದೇ ವಿದ್ಯುತ್ ಮಂಡಲಗಳನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕಾದಾಗ ವಿನ್ಯಾಸ ಕಷ್ಟವಾಗುತ್ತದೆ, ಕಷ್ಟಕ್ಕೆ ತಕ್ಕಂತೆ ಬೆಲೆಯೂ ಏರುತ್ತದೆ. ಇಷ್ಟಾದ ಮೇಲೂ ಸಿಗುವುದು ಹೆಚ್ಚುವರಿ ಕಾರ್ಡ್ ಕೂರಿಸುವ ಒಂದೇ ಒಂದು ಎಕ್ಸ್‌ಪಾನ್ಷನ್ ಸ್ಲಾಟ್. ಅದಕ್ಕೊಪ್ಪುವ ಪುಟ್ಟ ಕ್ಯಾಬಿನೆಟ್, ಚಿಕ್ಕ ಪವರ್ ಸಪ್ಲೈ, ತಗ್ಗಾದ ಕೂಲರ್ ಇವೂ ಸಾಮಾನ್ಯವಾಗಿ ತುಟ್ಟಿಯೇ. ಕಂಪ್ಯೂಟರನ್ನು ಟಿವಿಯ ಹಿಂದೆ ಅಡಗಿಸಲೇಬೇಕೆಂಬ ಹಠವಿದ್ದವರಿಗೆ ಮಿನಿ ಐಟಿಎಕ್ಸ್ ಸರಿ, ಉಳಿದವರಿಗೆ ಅದು ಶೋಕಿ.

ಬೋರ್ಡನ್ನು ಪ್ರೊಸೆಸರಿನಿಂದ ಬೇರೆಯಾಗಿ ಆಯ್ಕೆ ಮಾಡಲಾಗದು. 2017ರಿಂದ ರೈಜೆನ್ ಪ್ರೊಸೆಸರುಗಳನ್ನು ಹೊತ್ತುಬಂದ ಎಎಂಡಿಯ ಎಎಂ4 ಸಾಕೆಟ್‌ಗೆ ಡಿಡಿಆರ್4 ಎಂಬ ತಲೆಮಾರಿನ ಮೆಮೊರಿ ಬೇಕು, 2022ರಲ್ಲಿ ಬಂದ ಎಎಂ5ಗೆ ಡಿಡಿಆರ್5 ಮಾತ್ರ ಆಗುತ್ತದೆ. ಇಂಟೆಲ್‌ನ 12, 13 ಮತ್ತು 14ನೆಯ ತಲೆಮಾರಿನ ಪ್ರೊಸೆಸರುಗಳು ಕೂರುವ ಎಲ್‌ಜಿಎ 1700 ಸಾಕೆಟ್‌ನ ಬೋರ್ಡ್‌ಗಳು ಎರಡು ಬಗೆಯಲ್ಲೂ ಸಿಗುವುದರಿಂದ, ಹೆಸರು ಹೆಚ್ಚುಕಡಿಮೆ ಒಂದೇ ಇರುವ ಎರಡು ಬೋರ್ಡ್‌ಗಳಲ್ಲಿ ಒಂದು ಡಿಡಿಆರ್4ನದು, ಇನ್ನೊಂದು ಡಿಡಿಆರ್5ನದು ಆಗಿರಬಹುದು. ಎರಡೂ ಬಗೆಯ ಮೆಮೊರಿ ಕಡ್ಡಿಗಳಿಗೆ 288 ಸಂಪರ್ಕಗಳೇ ಇದ್ದರೂ ನಡುವಿನ ಕಚ್ಚಿನ ಜಾಗ ಬೇರೆ, ಆದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯುವುದಿಲ್ಲ. ಹಳೆಯ ಕಂಪ್ಯೂಟರಿನ ಡಿಡಿಆರ್4 ಕಡ್ಡಿಗಳು ಮನೆಯಲ್ಲಿ ಇದ್ದರೆ, ಬೋರ್ಡಿನ ಆಯ್ಕೆ ಅಲ್ಲಿಗೇ ಅರ್ಧ ಮುಗಿಯಿತು.

ಚಿಪ್‌ಸೆಟ್‌ನ ಹೆಸರಿನಲ್ಲಿ ಜನ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಬೋರ್ಡಿನಲ್ಲಿ ಏನೇನು ಸೌಲಭ್ಯ ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಚಿಪ್ ಅದು. ಇಂಟೆಲ್ ಕಡೆ ಎಚ್610 ಕೆಳಗಿನ ಮೆಟ್ಟಿಲಾದರೆ ಬಿ760 ಅದರ ಮೇಲಿನದು. ಎಎಂಡಿ ಕಡೆ ಎಎಂ4ನಲ್ಲಿ ಎ520 ಮತ್ತು ಬಿ550, ಎಎಂ5ನಲ್ಲಿ ಎ620 ಮತ್ತು ಬಿ650 ಇದೇ ರೀತಿಯ ಜೋಡಿಗಳು. ಎಚ್610 ಬೋರ್ಡ್‌ನಲ್ಲಿ ಮೆಮೊರಿಗೆ ಎರಡೇ ಸ್ಲಾಟ್, ಎಂ.2 ಎಸ್‌ಎಸ್‌ಡಿಗೆ ಪಿಸಿಐಇ 3.0 ವೇಗ (ಎಂ.2 ಎಂದರೆ ಬೋರ್ಡಿನ ಮೇಲೆಯೇ ಕೂರುವ ಪುಟ್ಟ ಎಸ್‌ಎಸ್‌ಡಿಯ ಸ್ಲಾಟ್, ಪಿಸಿಐಇ ಎಂದರೆ ಬೋರ್ಡಿನಲ್ಲಿ ದತ್ತಾಂಶ ಸಾಗುವ ದಾರಿ). ಎ520ರಲ್ಲಿ ಗ್ರಾಫಿಕ್ಸ್ ಸ್ಲಾಟ್ ಕೂಡ 3.0ದ್ದೇ. ಪತ್ರ ಬರೆಯಲು, ಲೆಕ್ಕಪತ್ರ ಇಡಲು, ಮಕ್ಕಳ ಪಾಠಕ್ಕೆ, ಸಿನಿಮಾ ನೋಡಲು ಬಳಸುವ ಕಂಪ್ಯೂಟರಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅಂಥವರಿಗೆ ಕೆಳಗಿನ ಮೆಟ್ಟಿಲೇ ಧಾರಾಳ. ಆದರೆ ಆಟಕ್ಕೆಂದು ಅಗ್ಗದ ಗ್ರಾಫಿಕ್ಸ್ ಕಾರ್ಡ್ ಹಾಕುವವರು ಒಂದು ಕ್ಷಣ ನಿಲ್ಲಬೇಕು. ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಕಾರ್ಡ್ ದತ್ತಾಂಶ ಸಾಗುವ ಹದಿನಾರು ದಾರಿಗಳಿರುವ ಸ್ಲಾಟಿನಲ್ಲಿ ಕೂತರೂ ಬಳಸುವುದು ನಾಲ್ಕೇ ದಾರಿಗಳನ್ನು. ದಾರಿಗಳೇ ಕಡಿಮೆ ಇರುವಾಗ 3.0ದ ಸ್ಲಾಟಿನಲ್ಲಿ ಅವುಗಳ ವೇಗವೂ ಅರ್ಧವಾದರೆ ಪೆಟ್ಟು ಬೀಳುತ್ತದೆ. ದುಬಾರಿ ಕಾರ್ಡಿಗಿಂತ ಅಗ್ಗದ ಕಾರ್ಡಿಗೇ ಒಳ್ಳೆಯ ಬೋರ್ಡ್ ಹೆಚ್ಚು ಬೇಕಾಗುವ ವಿಚಿತ್ರ ಇದು.

ಇನ್ನು ಸೇರಿಸಲಾಗುವುದು ಮತ್ತು ಆಗದಿರುವುದು. ವೈಫೈ, ಬ್ಲೂಟೂತ್, ಉತ್ತಮ ಧ್ವನಿ, ವೇಗದ ಲ್ಯಾನ್ ಇವೆಲ್ಲವನ್ನೂ ಯುಎಸ್‌ಬಿ ಮೂಲಕವೋ ಪುಟ್ಟ ಕಾರ್ಡಿನ ಮೂಲಕವೋ ಯಾವಾಗ ಬೇಕಾದರೂ ತಂದುಕೊಳ್ಳಬಹುದು. ತರಲಾಗದ್ದು ಮೆಮೊರಿ ಸ್ಲಾಟ್ ಮತ್ತು ವಿಆರ್‌ಎಂ, ಅಂದರೆ ಪ್ರೊಸೆಸರಿಗೆ ಬೇಕಾದ ವೋಲ್ಟೇಜನ್ನು ಹದಗೊಳಿಸಿ ಕೊಡುವ ಭಾಗ. ಬೋರ್ಡಿನ ಚಿತ್ರವನ್ನು ದೊಡ್ಡದು ಮಾಡಿ ಸಾಕೆಟ್‌ಗೂ ಹಿಂಬದಿಯ ಪೋರ್ಟ್‌ಗಳಿಗೂ ನಡುವೆ ನೋಡಿ. ಸಾಲಾಗಿ ನಿಂತ ಬೂದು ಚೌಕಗಳು ಆ ವಿಆರ್‌ಎಂನ ಕಾಯಿಲ್‌ಗಳು, ಅವುಗಳ ಪಕ್ಕದ ಚಪ್ಪಟೆ ಕರಿಯ ಚಿಪ್‌ಗಳು ಮಾಸ್‌ಫೆಟ್‌ಗಳು. ಒಳ್ಳೆಯ ಬೋರ್ಡಿನಲ್ಲಿ ಈ ಚಿಪ್‌ಗಳ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮುಚ್ಚಿರುತ್ತದೆ, ತೀರಾ ಅಗ್ಗದವುಗಳಲ್ಲಿ ಅವು ಬರಿಮೈಯಲ್ಲಿ ನಿಂತಿರುತ್ತವೆ. 65 ವ್ಯಾಟ್ ದರ್ಜೆಯ ಆರು ಕೋರ್‌ಗಳ ಪ್ರೊಸೆಸರಿಗೆ ಅದು ಸಾಮಾನ್ಯವಾಗಿ ಸಾಕಾದೀತು. ಅದೇ ಬೋರ್ಡಿಗೆ ಮುಂದೆ ಹನ್ನೆರಡು ಕೋರ್‌ಗಳದನ್ನು ಕೂರಿಸಿ ಗಂಟೆಗಟ್ಟಲೆ ವಿಡಿಯೋ ಎಡಿಟಿಂಗ್ ಮಾಡಿಸಿದರೆ, ಬಿಸಿ ಏರಿ ಬೋರ್ಡೇ ಪ್ರೊಸೆಸರಿನ ವೇಗವನ್ನು ತಗ್ಗಿಸುತ್ತದೆ.

ಮೆಮೊರಿಗೆ ಎರಡೇ ಸ್ಲಾಟ್ ಇರುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಆದರೆ ಎರಡೂ ಸ್ಲಾಟ್‌ಗಳಿಗೆ ತಲಾ 4 ಜಿಬಿ ಹಾಕಿಬಿಟ್ಟವರು ಮುಂದೆ ಹೆಚ್ಚಿಸುವಾಗ ಎರಡನ್ನೂ ಕಿತ್ತು ಬದಿಗಿಡಬೇಕಾಗುತ್ತದೆ, ಆದ್ದರಿಂದ ಮೊದಲೇ ತಲಾ 8 ಜಿಬಿ ಹಾಕುವುದು ಜಾಣತನ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಒಂದೇ ಕಡ್ಡಿಯಲ್ಲಿ ಕೆಲಸ ಸಾಗಿಸಬಾರದು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಇದೇ ಮೆಮೊರಿಯನ್ನು ಬಳಸುವುದರಿಂದ ಎರಡು ಕಡ್ಡಿಗಳು ಒಟ್ಟಿಗೆ ಕೆಲಸ ಮಾಡುವ ಡ್ಯುಯಲ್ ಚಾನೆಲ್‌ನ ಲಾಭ ಆಟಗಳಲ್ಲಿ ಎದ್ದು ಕಾಣುತ್ತದೆ. ಇಲ್ಲೇ ಇನ್ನೊಂದು ಮಾತು: ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಪ್ರೊಸೆಸರುಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ. ಬೋರ್ಡಿನ ಹಿಂದೆ ಎಚ್‌ಡಿಎಂಐ ಪೋರ್ಟ್ ಕಂಡಿತೆಂದು ನಂಬಿ ಕೂತರೆ ಪರದೆ ಕತ್ತಲಾಗಿಯೇ ಉಳಿಯುತ್ತದೆ.

ಕತ್ತಲ ಪರದೆಯ ಅನುಭವ ನನಗೂ ಆಗಿದೆ, ಕಾರಣ ಮಾತ್ರ ಬೇರೆ. ಬಹುಕಾಲ ದಾಸ್ತಾನಿನಲ್ಲಿದ್ದ ಬೋರ್ಡೊಂದನ್ನು ತಂದು, ಅದು ತಯಾರಾದ ನಂತರ ಬಿಡುಗಡೆಯಾದ ಪ್ರೊಸೆಸರನ್ನು ಕೂರಿಸಿದ್ದೆ. ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಚಿತ್ರ ಮಾತ್ರ ಬರಲಿಲ್ಲ. ಮೆಮೊರಿಯನ್ನು ಹತ್ತಾರು ಬಾರಿ ತೆಗೆದು ಹಾಕಿದ ಮೇಲೆ ಹೊಳೆದದ್ದು, ಬೋರ್ಡಿನ ಬಯಾಸ್‌ಗೆ, ಅಂದರೆ ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶಕ್ಕೆ, ಆ ಪ್ರೊಸೆಸರಿನ ಪರಿಚಯವೇ ಇಲ್ಲವೆಂದು. ಗೆಳೆಯನ ಹಳೆಯ ಪ್ರೊಸೆಸರನ್ನು ಒಂದು ಸಂಜೆಗೆ ಸಾಲ ತಂದು, ಬಯಾಸ್ ನವೀಕರಿಸಿ, ಹಿಂದಿರುಗಿಸಿದೆ. ಅಂದಿನಿಂದ, ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದಲೇ ಬಯಾಸ್ ತುಂಬಿಸುವ ಗುಂಡಿ ಬೋರ್ಡಿನ ಹಿಂದೆ ಇದೆಯೇ ಎಂದು ನೋಡದೆ ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಇಲ್ಲದಿದ್ದರೆ, ತಯಾರಕರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರಿನ ಮುಂದೆ ಯಾವ ಬಯಾಸ್ ಆವೃತ್ತಿ ಬರೆದಿದೆಯೆಂದು ನೋಡಿಕೊಂಡು, ಅದು ಹಾಕಿದ ಬೋರ್ಡನ್ನೇ ಕೇಳಿ ಪಡೆಯಬೇಕು.

ಬಳಸಿದ ಬೋರ್ಡ್ ಕೊಳ್ಳಬಹುದೇ? ಧಾರಾಳವಾಗಿ, ಕಣ್ಣಾರೆ ನೋಡಲು ಸಿಕ್ಕರೆ. ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುವುದರಿಂದ ಬೋರ್ಡಿನ ಸಾಕೆಟ್ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಎಲ್‌ಜಿಎ 1700 ಮತ್ತು ಎಎಂ5ನಲ್ಲಿ ಕೂದಲೆಳೆಯಂಥ ಸಂಪರ್ಕಗಳು ಬೋರ್ಡಿನಲ್ಲೇ ಇರುತ್ತವೆ. ಮುಚ್ಚಳ ತೆಗೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ನೆಟ್ಟಗಿನ ಸಾಲುಗಳು ಒಂದೇ ಸಮನೆ ಮಿನುಗುತ್ತವೆ, ಬಾಗಿದ ಜಾಗದಲ್ಲಿ ಆ ಮಿನುಗು ಮುರಿದಂತೆ ಕಾಣುತ್ತದೆ. ಹಾಗೆ ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಕೈ ಜೋಡಿಸಿ ಹೊರಟುಬಿಡಿ.

ಕೊಳ್ಳುವ ಹಿಂದಿನ ರಾತ್ರಿ ಆ ಬೋರ್ಡಿನ ಕೈಪಿಡಿಯನ್ನು ತಯಾರಕರ ತಾಣದಿಂದ ಇಳಿಸಿಕೊಂಡು ಎರಡು ವಿಷಯ ಹುಡುಕಿ. ಒಂದು, ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಕೂತಾಗ ಹಾರ್ಡ್‌ಡಿಸ್ಕ್ ಜೋಡಿಸುವ ಯಾವುದಾದರೂ ಸಾಟಾ ಪೋರ್ಟ್ ಸ್ತಬ್ಧವಾಗುತ್ತದೆಯೇ ಎಂಬುದು. ಇನ್ನೊಂದು, ಗ್ರಾಫಿಕ್ಸ್ ಸ್ಲಾಟಿನ ಕೆಳಗಿರುವ ಚಿಕ್ಕ ಸ್ಲಾಟಿನ ಸ್ಥಾನ. ಎರಡು ಸ್ಲಾಟ್ ದಪ್ಪದ ಕಾರ್ಡ್ ಹಾಕಿದರೆ ಒತ್ತಿಕೊಂಡೇ ಇರುವ ಸ್ಲಾಟ್ ಅದರಡಿ ಮುಚ್ಚಿಹೋಗುತ್ತದೆ, ಆಗ ಮುಂದೆ ವೈಫೈ ಕಾರ್ಡ್ ಹಾಕೋಣ ಎಂದುಕೊಂಡಿದ್ದವರಿಗೆ ಉಳಿಯುವುದು ಯುಎಸ್‌ಬಿಯ ದಾರಿಯೇ.