ಮುಚ್ಚಿದ ಗಣಿಯ ಗಂಟೆ

ಇಂಗ್ಲಿಷ್ ಕಲಿಯುತ್ತಿರುವ ನಾನು ಆ ಭಾಷೆಯಲ್ಲೇ ಒಂದು ರೋಚಕ ಕಥೆ ಬರೆಯುತ್ತಿದ್ದೇನೆ. ಜಾಗ ನಮ್ಮ ಕೋಲಾರ ಜಿಲ್ಲೆಯ ಕೆಜಿಎಫ್. ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಕತ್ತಲು ಇರುವಾಗ ದೆವ್ವ ಏಕೆ ಬೇಕು?

ಕೊನೆಯನ್ನು ಮೊದಲೇ ಬರೆದಿಟ್ಟುಕೊಂಡೆ. ರಾತ್ರಿ ಕಾವಲುಗಾರನಿಗೆ ಗಣಿಯೊಳಗಿಂದ ಗಂಟೆ ಕೇಳಿಸುತ್ತದೆ. ಬಾರಿಸಿದವರು ಯಾರೆಂದು ಓದುಗರಿಗೆ ಕೊನೆಯವರೆಗೂ ತಿಳಿಯಬಾರದು. ಆದರೆ ಸುಳಿವನ್ನೇ ಕೊಡದಿದ್ದರೆ ಅದು ಮೋಸ. ಹಾಗಾಗಿ ಎರಡನೆಯ ಪ್ಯಾರಾದಲ್ಲೇ ಅವನ ಚಹಾ ಲೋಟದ ಪಕ್ಕ ಇನ್ನೊಂದು ಲೋಟ ಇಟ್ಟಿದ್ದೇನೆ, ಅದರಿಂದಲೂ ಹಬೆಯೇಳುತ್ತಿದೆ.

ಭಯ ಏರಿದಂತೆ ವಾಕ್ಯ ಕುಗ್ಗಬೇಕು: ಮೂರು ನಾಲ್ಕು ಪದ, ಪೂರ್ಣವಿರಾಮ. ಹೊಸದಾಗಿ ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಗಂಟೆ ಎರಡನೆಯ ಸಲ ಮೊಳಗುವ ಭಾಗವನ್ನು ಈ ವಾರ ಬರೆಯುತ್ತೇನೆ.